ಗೇಟಿನಿಂದ ತಿರುಗಿ ಹೋದವನು

‘ಕಂದೀಲು’ ಪತ್ರಿಕೆಯ ನಾಲ್ಕನೇ ಪುಟದ ಎಡಗಡೆ ಮೇಲಿನಿಂದ ಕೆಳಗಿನವರೆಗೆ ಇಳಿಯುವ ಒಂದು ಕಾಲಂ ಇದೆಯಲ್ಲ, ಅದರ ಕೆಳಗೆ ಬರೆದವರ ಹೆಸರಿರುವುದಿಲ್ಲ. ಸಂಪಾದಕೀಯಕ್ಕೆ ಹೆಸರು ಹಾಕುವ ಪದ್ಧತಿಯೇ ಇಲ್ಲ. ಅದು ಪತ್ರಿಕೆಯ ಮಾತು, ಒಬ್ಬರ ಮಾತಲ್ಲ ಅನ್ನುವುದು ಹಿರಿಯರು ಮಾಡಿಟ್ಟ ನಿಯಮ. ನಿಯಮವೇನೋ ಚೆನ್ನಾಗಿದೆ ಸ್ವಾಮಿ, ಆದರೆ ಪತ್ರಿಕೆಗೆ ಕೈಯಿದೆಯೇ, ಕಣ್ಣಿದೆಯೇ? ಸಂಜೆ ಐದಕ್ಕೆ ಕೂತು ಏಳೂವರೆಯೊಳಗೆ ಕಾಲಂ ತುಂಬಿಸಲು ಯಾರಾದರೂ ಮನುಷ್ಯರೇ ಬೇಕು. ಶಿವಮೊಗ್ಗದ ದುರ್ಗಿಗುಡಿಯ ಆ ಹಳೆಯ ಕಟ್ಟಡದಲ್ಲಿ ಹದಿನೇಳು ವರ್ಷದಿಂದ ಆ ಕೆಲಸ ಜಗದಾಂಬಾಳದು.

ಜಗದಾಂಬಾಳಿಗೆ ಐವತ್ತನಾಲ್ಕು. ಆಲ್ಕೊಳದಲ್ಲಿ ಎರಡು ಕೋಣೆಯ ಮನೆ, ಒಂಟಿ ಜೀವ. ನಾಲಿಗೆ ಸ್ವಲ್ಪ ಖಾರ, ಕೈ ಬಹಳ ಚುರುಕು. ಮಾಲೀಕರೂ ಸಂಪಾದಕರೂ ಆದ ಷಣ್ಮುಖಪ್ಪನವರು ಕೆಟ್ಟವರಲ್ಲ. ಬರೆಯಲು ಬಾರದವರು, ಅಷ್ಟೆ. ತಮ್ಮ ಪತ್ರಿಕೆಯ ನಿಲುವು ಏನೆಂಬುದನ್ನು ಬೆಳಿಗ್ಗೆ ಕಾಫಿ ಕುಡಿಯುತ್ತ ಊರವರ ಜೊತೆ ತಾವೂ ಓದಿ ತಿಳಿದುಕೊಳ್ಳುವವರು. ಓದಿ, “ಇವತ್ತು ಚೆನ್ನಾಗಿ ಕೊಟ್ಟಿದ್ದೀನಿ ಅಲ್ವಾ?” ಎಂದು ಬರೆದವಳನ್ನೇ ಕೇಳುವವರು. “ಹ್ಞೂ ಸಾರ್, ಭಾರಿ ಕೊಟ್ಟಿದ್ದೀರಿ,” ಅನ್ನುವಳು ಅವಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಈ ಆಫೀಸಿನಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಹದಿನೇಳು ವರ್ಷದಲ್ಲಿ ಇಬ್ಬರಿಗೂ ಅದು ರೂಢಿಯಾಗಿ ಹೋಗಿತ್ತು.

ಆ ಸೋಮವಾರ ಮಧ್ಯಾಹ್ನ ಷಣ್ಮುಖಪ್ಪನವರು ಚೇಂಬರಿನಿಂದ ಓಡಿಕೊಂಡೇ ಬಂದರು. ಅರವತ್ತು ದಾಟಿದ, ಮಂಡಿನೋವಿನ ಮನುಷ್ಯ ಓಡಿದ್ದನ್ನು ಆಫೀಸಿನಲ್ಲಿ ಯಾರೂ ಕಂಡಿರಲಿಲ್ಲ.

“ಬಂತು ಕಣಮ್ಮಾ! ನಮಗೇ ಬಂತು!”

ಗಣಪಯ್ಯ ಪ್ರತಿಷ್ಠಾನದ ಪ್ರಶಸ್ತಿ. ಹಳೆಯ ಕಾಲದ ಒಬ್ಬ ಪತ್ರಕರ್ತರ ಹೆಸರಿನಲ್ಲಿ ಅವರ ಮನೆಯವರು ಕಟ್ಟಿದ ಪ್ರತಿಷ್ಠಾನ, ವರ್ಷಕ್ಕೊಂದು ಸಲ ರಾಜ್ಯದ ಅತ್ಯುತ್ತಮ ಸಂಪಾದಕೀಯವನ್ನು ಆರಿಸಿ ಗೌರವಿಸುತ್ತದೆ. ಬೆಂಗಳೂರಿನ ದೊಡ್ಡ ಪತ್ರಿಕೆಗಳವರೇ ಸಾಲುಗಟ್ಟುವ ಪ್ರಶಸ್ತಿ. ಈ ಸಲ ಎಂಟು ಪುಟದ ‘ಕಂದೀಲಿ’ಗೆ ಬಂದಿತ್ತು. ಹೋದ ವರ್ಷ ಫೆಬ್ರವರಿಯಲ್ಲಿ ಭದ್ರಾವತಿಯ ಫೌಂಡ್ರಿಯೊಂದರಲ್ಲಿ ಕಾದ ಕಬ್ಬಿಣ ಸಿಡಿದು ಸತ್ತ ಗುತ್ತಿಗೆ ಕೆಲಸಗಾರ ಪರಶುರಾಮನ ಬಗ್ಗೆ ಬರೆದ ಸಂಪಾದಕೀಯಕ್ಕೆ. ಪ್ರಶಸ್ತಿ ಪುರಸ್ಕೃತರು: ಶ್ರೀ ಷಣ್ಮುಖಪ್ಪ, ಸಂಪಾದಕರು.

ಮೈಸೂರುಪಾಕು ಬಂತು. ಪ್ರತಿಷ್ಠಾನದವರು ಕಳಿಸಿದ ಪತ್ರವನ್ನು ಷಣ್ಮುಖಪ್ಪನವರು ಎಲ್ಲರೆದುರು ಗಟ್ಟಿಯಾಗಿ ಓದಿದರು. ತೀರ್ಪುಗಾರರು ಮೆಚ್ಚಿ ಎತ್ತಿ ಬರೆದದ್ದು ಮೊದಲ ಪ್ಯಾರಾವನ್ನೇ:

‘ಪಾಳಿ ಮುಗಿದಿತ್ತು. ಪರಶುರಾಮ ಕೈಕಾಲು ತೊಳೆದು, ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನವರೆಗೆ ಬಂದಿದ್ದ. ಒಳಗಿನಿಂದ ಜೊತೆಗಾರನ ಕೂಗು ಕೇಳಿತು. ಗೇಟಿನಾಚೆ ಮನೆಯಿತ್ತು, ಹೆಂಡತಿಯಿದ್ದಳು, ಮಗಳಿದ್ದಳು. ಪರಶುರಾಮ ತಿರುಗಿ ಒಳಗೆ ಹೋದ. ನಮ್ಮ ಕಾರ್ಖಾನೆಗಳಲ್ಲಿ ಸುರಕ್ಷತೆ ಎಂದರೆ ಇಂದಿಗೂ ಇಷ್ಟೇ: ಒಬ್ಬ ಬಡವ ಇನ್ನೊಬ್ಬ ಬಡವನಿಗಾಗಿ ತಿರುಗಿ ಹೋಗುವುದು.’

ಎಲ್ಲರೂ ಚಪ್ಪಾಳೆ ತಟ್ಟಿದರು. ಜಗದಾಂಬಾಳೂ ತಟ್ಟಿದಳು. ಒಳಗೊಳಗೆ ಹೆಮ್ಮೆ, ಅದರ ಬೆನ್ನಿಗೇ ಹೊಟ್ಟೆಯುರಿ. ಎರಡನ್ನೂ ಮೈಸೂರುಪಾಕಿನ ಜೊತೆ ನುಂಗಿಕೊಂಡಳು.

ಆ ಪ್ಯಾರಾದ ನಿಜ ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ಭದ್ರಾವತಿಯ ವರದಿಗಾರ ಅವತ್ತು ಕಳಿಸಿದ್ದು ಬರೀ ಎರಡು ಸಾಲು. ಫೌಂಡ್ರಿಯಲ್ಲಿ ಮಧ್ಯಾಹ್ನ ಕಾದ ಕಬ್ಬಿಣ ಸಿಡಿದು ಪರಶುರಾಮ ಎಂಬಾತ ಮೃತಪಟ್ಟಿದ್ದಾನೆ, ಇನ್ನೊಬ್ಬ ಕಾರ್ಮಿಕ ಪಾರಾಗಿದ್ದಾನೆ. ಇಷ್ಟೇ. ಗಡಿಯಾರ ಆರೂಮುಕ್ಕಾಲು ತೋರಿಸುತ್ತಿತ್ತು. ‘ಇತ್ತೀಚಿನ ದಿನಗಳಲ್ಲಿ’ ಎಂದು ಶುರುವಾಗುವ ಸಂಪಾದಕೀಯವನ್ನು ನಾಯಿಯೂ ಮೂಸುವುದಿಲ್ಲ ಅನ್ನುವುದು ಜಗದಾಂಬಾಳ ಸಿದ್ಧಾಂತ. ಒಬ್ಬ ಸತ್ತ, ಒಬ್ಬ ಪಾರಾದ. ಅಂದ ಮೇಲೆ ಒಬ್ಬ ಇನ್ನೊಬ್ಬನನ್ನು ಉಳಿಸಿರಬೇಕು. ಉಳಿಸಲು ಹೋದ ಅಂದರೆ ಎಲ್ಲಿಂದಲೋ ಹೋಗಿರಬೇಕು. ಗೇಟಿನಿಂದ ಹೋದರೆ ಚೆನ್ನಾಗಿ ಕಾಣುತ್ತದೆ. ಬುತ್ತಿ ಚೀಲ ಇದ್ದರೆ ಇನ್ನೂ ಚೆನ್ನ. ಹೀಗೆ ಸರಸರನೆ ಬರೆದಳು, ಏಳೂವರೆಗೆ ಪುಟ ಹೋಯಿತು, ಅವಳು ಬಸ್ಸು ಹತ್ತಿ ಮನೆಗೆ ಹೋದಳು. ಮೋಸ ಮಾಡಬೇಕೆಂಬ ಉದ್ದೇಶವೇನೂ ಇರಲಿಲ್ಲ. ಸತ್ತವನಿಗೆ ನಾಲ್ಕು ಒಳ್ಳೆಯ ಮಾತು ಸಲ್ಲಿಸಿದೆ ಅಂದುಕೊಂಡಿದ್ದಳು.

ಪ್ರಶಸ್ತಿಗೆ ಅರ್ಜಿ ತುಂಬಿದವಳೂ ಅವಳೇ. ಅದರ ಜೊತೆ ಒಂದು ಘೋಷಣೆ ಬೇಕಿತ್ತು. ‘ಈ ಬರಹ ನನ್ನ ಸ್ವಂತದ್ದು, ಇದರಲ್ಲಿನ ವಿವರಗಳನ್ನು ನಾನೇ ಸ್ಥಳಕ್ಕೆ ಹೋಗಿ ಖಚಿತಪಡಿಸಿಕೊಂಡಿದ್ದೇನೆ’ ಎಂದು ಟೈಪು ಮಾಡಿ ಮುಂದಿಟ್ಟಳು. ಷಣ್ಮುಖಪ್ಪನವರು ಕನ್ನಡಕ ಹುಡುಕುವ ಗೋಜಿಗೂ ಹೋಗದೆ ರುಜು ಹಾಕಿದರು.

“ಆ ಹೆಣ್ಮಗಳನ್ನ ಸ್ಟೇಜಿಗೆ ಕರೆಸ್ಬೇಕು,” ಎಂದರು ಈಗ, ಕೈಗೆ ಹತ್ತಿದ ತುಪ್ಪ ಒರೆಸಿಕೊಳ್ಳುತ್ತ. “ಆ ಪರಶುರಾಮನ ಹೆಂಡ್ತೀನ. ಒಂದು ಶಾಲು ಹೊದಿಸೋಣ. ನೀವೇ ಹೋಗಿ ಕರೆದು ಬನ್ನಿ. ಭಾನುವಾರ ಕಾರ್ಯಕ್ರಮ.”

ಬುಧವಾರ ಜಗದಾಂಬಾ ಭದ್ರಾವತಿ ಬಸ್ಸು ಹತ್ತಿದಳು. ಅರ್ಧ ಗಂಟೆಯ ದಾರಿ. ಹದಿನೇಳು ವರ್ಷದಲ್ಲಿ ಭದ್ರಾವತಿಯ ಕಾರ್ಖಾನೆಗಳ ಬಗ್ಗೆ ಐವತ್ತಾದರೂ ಸಂಪಾದಕೀಯ ಬರೆದಿದ್ದಳು; ಆ ಊರಿನ ಕೆಲಸಗಾರರ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಯಾರಾದರೂ ಕೇಳಿದ್ದರೆ ನಾಚಿಕೆಪಟ್ಟುಕೊಳ್ಳುತ್ತಿದ್ದಳೋ ಏನೋ, ಯಾರೂ ಕೇಳಲಿಲ್ಲ.

ಹೊಸಮನೆ ಬಡಾವಣೆಯ ಒಳಗಲ್ಲಿಯೊಂದರಲ್ಲಿ ಶೀಟಿನ ಮನೆ. ಹೂವಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೂವತ್ತೆಂಟರ ಹೆಂಗಸು, ಐವತ್ತರ ಮುಖ. ಪೇಪರಿನವರು ಅಂದದ್ದೇ ತಡ, ಮೊರ ಪಕ್ಕಕ್ಕಿಟ್ಟು ಎದ್ದು ಕೈಮುಗಿದಳು.

“ಕಂದೀಲಿನೋರಾ? ಅಯ್ಯೋ ಬನ್ನಿ ಮೇಡಂ, ಒಳಗೆ ಬನ್ನಿ. ಪೂಜಿತಾ, ಚಾಪೆ ಹಾಸೇ!”

ಪಿಯುಸಿ ಓದುವ ಮಗಳು ಚಾಪೆ ಹಾಸಿದಳು. ಗೋಡೆಯ ಮೇಲೆ ಪರಶುರಾಮನ ಫೋಟೋ, ಪ್ಲಾಸ್ಟಿಕ್ ಹಾರ. ಫೋಟೋದ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ, ಲ್ಯಾಮಿನೇಟ್ ಮಾಡಿಸಿದ ಸಂಪಾದಕೀಯ. ಅದಕ್ಕೂ ಒಂದು ಹಾರ.

“ನಂಗೆ ಓದೋಕೆ ಅಷ್ಟು ಬರಲ್ಲ. ಇವಳು ದಿನಾ ಓದಿ ಹೇಳಿ ಹೇಳಿ ಬಾಯಿಪಾಠ ಆಗ್ಬಿಟ್ಟಿದೆ,” ಎಂದು ಹೂವಮ್ಮ ನಿಂತ ಜಾಗದಲ್ಲೇ ಶುರು ಮಾಡಿದಳು. “ಪಾಳಿ ಮುಗಿದಿತ್ತು. ಪರಶುರಾಮ ಕೈಕಾಲು ತೊಳೆದು…” ಒಂದಕ್ಷರ ತಪ್ಪಲಿಲ್ಲ. ಗೇಟು ಬಂದಾಗ ಅವಳ ದನಿ ನಡುಗಿತು. ‘ಹೆಂಡತಿಯಿದ್ದಳು’ ಎಂಬಲ್ಲಿ ಸೆರಗು ಕಣ್ಣಿಗೆ ಹೋಯಿತು. ಎಷ್ಟೋ ಜನ ಓದಿದ್ದಾರೆ, ಆದರೆ ತನ್ನ ಬರಹವನ್ನು ಹೀಗೆ ಯಾರಾದರೂ ಇಟ್ಟುಕೊಂಡಿದ್ದಾರೆಂದು ಜಗದಾಂಬಾ ಕನಸಿನಲ್ಲೂ ಎಣಿಸಿರಲಿಲ್ಲ.

“ಮೊದಲು ಜನ ಏನೇನೋ ಅಂತಿದ್ರು ಮೇಡಂ. ಕುಡಿದಿದ್ದ, ತೂಕಡಿಸ್ತಿದ್ದ ಅಂತ. ಈ ಪೇಪರ್ ಬಂದ್ಮೇಲೆ ಎಲ್ಲರ ಬಾಯಿ ಮುಚ್ಚೋಯ್ತು. ಹೋದ ವಾರ ಕೋರ್ಟಲ್ಲೂ ಇದನ್ನೇ ಹೇಳಿ ಬಂದೆ.”

“ಕೋರ್ಟಲ್ಲಾ?”

“ಹ್ಞೂ. ಪರಿಹಾರದ ಕೇಸು ನಡೀತಿದೆಯಲ್ಲ. ಆ ಕಂತ್ರಾಟುದಾರನ ಕಡೆ ಲಾಯರು ಈ ಪೇಪರನ್ನೇ ಹಿಡ್ಕೊಂಡು ಕೇಳ್ದ. ಇದರಲ್ಲಿ ಬಂದಿದ್ದು ನಿಜಾನೇನಮ್ಮ ಅಂತ. ನಿಜ ಸ್ವಾಮಿ, ಒಂದೊಂದು ಮಾತೂ ನಿಜ ಅಂದೆ. ನಮ್ಮ ಲಾಯರು ಸುಷ್ಮಾ ಮೇಡಂ ಯಾಕೋ ತಲೆ ಮೇಲೆ ಕೈ ಇಟ್ಕೊಂಡ್ರು.”

ಜಗದಾಂಬಾಳಿಗೆ ಕೂತ ಚಾಪೆ ಜಾರಿದಂತಾಯಿತು. ಭಾನುವಾರದ ಕಾರ್ಯಕ್ರಮಕ್ಕೆ ಬರಬೇಕೆಂದು ಹೇಗೋ ಹೇಳಿ ಮುಗಿಸಿ, ಸುಷ್ಮಾಳ ನಂಬರು ತೆಗೆದುಕೊಂಡು, ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಗಲ್ಲಿಯ ತುದಿಗೆ ಬಂದು ಫೋನು ಮಾಡಿದಳು.

ಸುಷ್ಮಾ ಹೂವಮ್ಮನ ವಕೀಲೆ, ಚಿಕ್ಕ ವಯಸ್ಸಿನವಳು. ಮಾತು ಮಾತ್ರ ಕತ್ತರಿಯಂಥದು.

“ನೀವು ಕಂದೀಲಿನೋರಾ? ನಿಮ್ಮ ಪುಣ್ಯದಿಂದ ಕೇಸು ಗೋವಿಂದ ಆಗ್ತಿದೆ ಮೇಡಂ.” ಆಮೇಲೆ ಬಿಡಿಸಿ ಹೇಳಿದಳು. ಪರಶುರಾಮನ ಶಿಫ್ಟು ಎರಡು ಗಂಟೆಗೆ ಮುಗಿಯಬೇಕಿತ್ತು. ಸಾವಾದದ್ದು ಎರಡೂ ಇಪ್ಪತ್ತಕ್ಕೆ. ಮುಂದಿನ ಶಿಫ್ಟಿನವನು ಬಂದಿಲ್ಲ, ನೀನೇ ಮುಂದುವರಿಸು ಎಂದು ಸೂಪರ್‌ವೈಸರು ಅವನನ್ನು ಉಳಿಸಿಕೊಂಡಿದ್ದ ಅನ್ನುವುದು ಹೂವಮ್ಮನ ಪರ ವಾದ. ಅಂದರೆ ಕೆಲಸದ ಮೇಲಿದ್ದಾಗಲೇ ಸತ್ತ. ಇಲ್ಲ, ಎರಡಕ್ಕೇ ಕೆಲಸ ಮುಗಿಸಿ ಹೊರಟಿದ್ದ, ಮೇಲಿನವರು ಯಾರೂ ಕರೆಯದೆ ತಾನಾಗಿ ಒಳಗೆ ಬಂದ, ಅದಕ್ಕೆ ನಾವು ಹೊಣೆಯಲ್ಲ ಅನ್ನುವುದು ಗುತ್ತಿಗೆದಾರನ ವಾದ. “ಅವನು ಗೇಟಿಗೆ ಹೋಗಿದ್ದ ಅನ್ನೋದಕ್ಕೆ ಅವರ ಹತ್ರ ತಿದ್ದಿದ ಹಾಜರಿ ಪುಸ್ತಕ ಬಿಟ್ರೆ ಏನೂ ಇರ್ಲಿಲ್ಲ. ಪೇಪರ್ ಕಟಿಂಗು ಸಾಕ್ಷಿ ಅಲ್ಲ, ಅದು ಬಿಡಿ. ಆದ್ರೆ ಈಯಮ್ಮ ಪ್ರಮಾಣ ಮಾಡಿ ಹೌದು ಅಂದ್ಬಿಟ್ರಲ್ಲ! ಅದಕ್ಕೆ ರಾಜ್ಯ ಪ್ರಶಸ್ತಿ ಬೇರೆ ಬಂದಿದೆ ಅಂತ ಆ ಗುತ್ತಿಗೆದಾರ ಕುಣೀತಿದ್ದಾನೆ.”

“ಪಾರಾದ ಇನ್ನೊಬ್ಬನಿದ್ದನಲ್ಲ?”

“ಚಂದ್ರು ಅಂತ. ಕೆಲಸ ಬಿಟ್ಟು ತಮಿಳುನಾಡಿನ ಕಡೆ ಹೋದನಂತೆ. ಎಂಟು ತಿಂಗಳಿಂದ ಹುಡುಕ್ತಿದ್ದೀನಿ, ಫೋನೇ ಹೋಗಲ್ಲ. ಅದಿರ್ಲಿ, ನಿಮ್ಮೋರಿಗೆ ಆ ಗೇಟಿನ ವಿಷಯ ಯಾರು ಹೇಳಿದ್ರು? ಅವರನ್ನಾದ್ರೂ ಕರೆದು ಕೇಳೋಣ.”

ರಸ್ತೆಯಲ್ಲಿ ಲಾರಿಯೊಂದು ಹಾರ್ನು ಹೊಡೆಯುತ್ತ ಹೋಯಿತು. ಜಗದಾಂಬಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಯಾರೂ ಹೇಳ್ಲಿಲ್ಲ,” ಎಂದಳು. “ನಾನೇ ಬರ್ದೆ. ಕಲ್ಪಿಸಿಕೊಂಡು ಬರ್ದೆ.”

“ಇದನ್ನ ನೀವು ಕೋರ್ಟಿಗೆ ಬಂದು ಹೇಳ್ತೀರಾ?” ಎಂದಳು ಸುಷ್ಮಾ.

ಅವತ್ತು ಸಂಜೆ ಜಗದಾಂಬಾ ಸಂಪಾದಕೀಯ ಬರೆಯಲಿಲ್ಲ. ನೇರವಾಗಿ ಷಣ್ಮುಖಪ್ಪನವರ ಚೇಂಬರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು.

“ಕಲ್ಪಿಸಿಕೊಂಡು ಬರೆದ್ರಾ? ನನ್ನ ಹೆಸರಲ್ಲಾ?”

“ಹೆಸರಿಲ್ದೆ ಬರೆದಿದ್ದು ಸಾರ್. ಹೆಸರು ನೀವು ಆಮೇಲೆ ಹಾಕ್ಕೊಂಡ್ರಿ.”

“ಜಗದಾಂಬಾ!” ಮೇಜು ಗುದ್ದಿದವರೇ ತಕ್ಷಣ ತಗ್ಗಿದರು. ಅವರಿಗೂ ಹೆದರಿಕೆಯಾಗಿತ್ತು. “ನೋಡಿ ಮಾರಾಯ್ರೇ, ಭಾನುವಾರ ಒಂದು ಮುಗೀಲಿ. ನಮ್ಮಪ್ಪ ಶುರು ಮಾಡಿದ ಪತ್ರಿಕೆ ಇದು. ನಲವತ್ತು ವರ್ಷದಲ್ಲಿ ಊರಿನವರು ನಮ್ಮನ್ನ ಮೂಸಿ ನೋಡ್ಲಿಲ್ಲ. ಈಗ ಸಂಪಾದಕ ಸುಳ್ಳು ಬರೆದು ಪ್ರಶಸ್ತಿ ಹೊಡೆದ ಅಂತ ನಾನೇ ಬರೆದು ಕೊಡ್ಲಾ?”

“ಒಂದು ಸ್ಪಷ್ಟನೆ ಸಾಕು ಸಾರ್. ಆ ವಿವರಕ್ಕೆ ಆಧಾರ ಇಲ್ಲ ಅಂತ ಒಂದೇ ಸಾಲು. ಬರೋ ವಾರ ಗುರುವಾರ ಕೋರ್ಟಿದೆ. ಆ ಹೂವಮ್ಮನ ಮನೆ ಉಳಿಯುತ್ತೆ.”

“ಆ ಹೆಂಗಸೇ ನಿಜ ಅಂತ ಹೇಳಿದಾಳಲ್ಲ. ನಮಗ್ಯಾಕೆ?”

“ನಾವು ಬರೆದಿದ್ದಕ್ಕೇ ಹೇಳಿದಾಳೆ!”

ಷಣ್ಮುಖಪ್ಪನವರು ಕಿಟಕಿಯ ಕಡೆ ತಿರುಗಿಕೊಂಡರು. ಮೇಜಿನ ಮೇಲೆ ಭಾನುವಾರದ ಸಂಚಿಕೆಯ ಜಾಹೀರಾತುಗಳ ಪ್ರೂಫು ಬಿದ್ದಿತ್ತು. ಅಭಿನಂದನೆ, ಅಭಿನಂದನೆ, ಪುಟದ ತುಂಬ ಅಭಿನಂದನೆ. ಅವುಗಳ ನಡುವೆ ಅರ್ಧ ಪುಟ ಹಿಡಿದು ಕೂತಿತ್ತು ಭದ್ರಾವತಿಯ ಅದೇ ಗುತ್ತಿಗೆದಾರನದು, ನಗುಮುಖದ ಫೋಟೋ ಸಮೇತ. ತನ್ನನ್ನು ಬೈದ ಸಂಪಾದಕೀಯಕ್ಕೆ ಅವನು ಯಾಕೆ ಶುಭ ಕೋರುತ್ತಿದ್ದಾನೆಂದು ಆಫೀಸಿನಲ್ಲಿ ಯಾರೂ ಯೋಚಿಸಿರಲಿಲ್ಲ. ಜಗದಾಂಬಾಳಿಗೆ ಈಗ ಅರ್ಥವಾಯಿತು. ಆ ಫೋಟೋದ ಮೇಲೆ ಉಗುಳಬೇಕೆನಿಸಿತು. ಆದರೆ ಅವನ ಕೈಗೆ ದೊಣ್ಣೆ ಕೊಟ್ಟವರು ಯಾರು? ಉಗುಳುವುದಾದರೆ ಕನ್ನಡಿಯ ಮುಂದೆ ನಿಂತು ಉಗುಳಬೇಕು.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಷಣ್ಮುಖಪ್ಪನವರು ರೇಷ್ಮೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಫಲಕ ಎಲ್ಲವನ್ನೂ ಹೊತ್ತುಕೊಂಡು ಉತ್ಸವಮೂರ್ತಿಯಂತೆ ನಿಂತರು. ಆಮೇಲೆ ಭಾಷಣ ಓದಿದರು. ಅದನ್ನು ಬರೆದುಕೊಟ್ಟವಳೂ ಜಗದಾಂಬಾಳೇ, ಭದ್ರಾವತಿಗೆ ಹೋಗುವ ಹಿಂದಿನ ದಿನ. ‘ಆ ಗೇಟಿನ ಮುಂದೆ ನಿಂತಾಗ ನನ್ನ ಲೇಖನಿ ನಡುಗಿತು’ ಎಂಬ ಸಾಲನ್ನು ತೆಗೆಯಿರಿ ಸಾರ್ ಎಂದು ಶನಿವಾರ ಕೈಮುಗಿದು ಕೇಳಿದ್ದಳು. ಅವರು ತೆಗೆಯಲಿಲ್ಲ. ಅದಕ್ಕೇ ಹೆಚ್ಚು ಚಪ್ಪಾಳೆ ಬಿತ್ತು.

ಹೂವಮ್ಮನನ್ನು ವೇದಿಕೆಗೆ ಕರೆದರು. ಕಾಲೇಜಿನ ಸಮಾರಂಭಕ್ಕೆ ಮಗಳು ಉಡುವ ಸೀರೆಯನ್ನೇ ಉಟ್ಟು ಬಂದಿದ್ದಳೋ ಏನೋ, ಮೈಗೆ ಹೊಂದದ ಗುಲಾಬಿ ಬಣ್ಣ. ಮೈಕು ಕೊಟ್ಟರೆ ಮಾತು ಹೊರಡಲಿಲ್ಲ. ಷಣ್ಮುಖಪ್ಪನವರ ಕಾಲಿಗೆ ನಮಸ್ಕಾರ ಮಾಡಿದಳು. ಮೂರನೇ ಸಾಲಿನಲ್ಲಿ ಕೂತ ಜಗದಾಂಬಾಳಿಗೆ ಎದ್ದು ನಿಂತು ಕೂಗಿಬಿಡಲೇ ಅನಿಸಿತು, ಕೂಗಲಿಲ್ಲ. ಹೆದರಿದಳು ಅನ್ನುವುದು ನಿಜ. ಅದಕ್ಕಿಂತ ನಾಚಿಕೆಯ ನಿಜ ಇನ್ನೊಂದಿದೆ. ನಿರೂಪಕಿ ಆ ಮೊದಲ ಪ್ಯಾರಾವನ್ನು ಭಾವ ತುಂಬಿ ಓದಿದಾಗ, ಇಡೀ ಸಭೆ ಉಸಿರು ಬಿಗಿಹಿಡಿದಾಗ, ಅಷ್ಟೆಲ್ಲ ಗೊತ್ತಿದ್ದೂ ಅವಳ ಎದೆ ಒಂದು ಗಳಿಗೆ ಉಬ್ಬಿತು. ಥೂ, ಎಂಥ ಜನ್ಮ ನಂದು ಅಂದುಕೊಂಡಳು.

ಸೋಮವಾರ ಬೆಳಿಗ್ಗೆ ಸುಷ್ಮಾಳಿಗೆ ಫೋನು ಮಾಡಿ, ಬರ್ತೀನಿ ಎಂದಳು. ರಾಜೀನಾಮೆಯನ್ನು ಷಣ್ಮುಖಪ್ಪನವರ ಮೇಜಿನ ಮೇಲಿಟ್ಟಳು. ಅದರ ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು. ಹೂವಮ್ಮನಿಗೆ ಮುಂಚೆಯೇ ಹೇಳಬೇಕಲ್ಲವೇ ಎಂದು ಕೇಳಿದಾಗ ಸುಷ್ಮಾ, “ಬೇಡ ಮೇಡಂ, ಅವರು ಗಾಬರಿಯಾಗಿ ಕೋರ್ಟಲ್ಲಿ ಇನ್ನೇನಾದ್ರೂ ಅಂದ್ಬಿಡ್ತಾರೆ,” ಎಂದಳು. ಜಗದಾಂಬಾ ಒಪ್ಪಿಕೊಂಡಳು. ಹೇಳುವ ಕಷ್ಟ ತಪ್ಪಿತಲ್ಲ ಎಂದು ಸಮಾಧಾನವೂ ಆಯಿತು. ಆ ಸಮಾಧಾನಕ್ಕೆ ಅವಳನ್ನು ಎಷ್ಟು ಬೈದರೂ ಸಾಲದು.

ಗುರುವಾರ ಭದ್ರಾವತಿ ಕೋರ್ಟಿನಲ್ಲಿ ಹನ್ನೊಂದೂವರೆಗೆ ಅವಳ ಹೆಸರು ಕೂಗಿದರು. ಕಟಕಟೆ ಹತ್ತಿ ಪ್ರಮಾಣ ಮಾಡಿದಳು. ಸುಷ್ಮಾ ಕೇಳಿದ್ದಕ್ಕೆಲ್ಲ ಸ್ಪಷ್ಟವಾಗಿ ಉತ್ತರ ಕೊಟ್ಟಳು. ಸಂಪಾದಕೀಯ ಬರೆದದ್ದು ನಾನು. ಪಾಳಿ ಮುಗಿದದ್ದು, ಗೇಟು, ಬುತ್ತಿ ಚೀಲ, ಕೂಗು ಎಲ್ಲ ನನ್ನ ಕಲ್ಪನೆ. ಹಿಂದಿನ ಬೆಂಚಿನಲ್ಲಿ ಹೂವಮ್ಮ ಕೂತಿದ್ದಾಳೆಂದು ಗೊತ್ತಿತ್ತು. ಆ ಕಡೆ ನೋಡಲಿಲ್ಲ.

ಗುತ್ತಿಗೆದಾರನ ವಕೀಲ ನಿಧಾನವಾಗಿ ಎದ್ದ. ನರೆಗೂದಲಿನ, ಸಭ್ಯ ಮಾತಿನ ಮನುಷ್ಯ.

“ಇದನ್ನ ಬರೆದಿದ್ದು ನೀವು ಅನ್ನೋದಕ್ಕೆ ದಾಖಲೆ ಏನಿದೆಯಮ್ಮ? ನಿಮ್ಮ ಹೆಸರಿದೆಯಾ ಇದರಲ್ಲಿ?”

“ಸಂಪಾದಕೀಯಕ್ಕೆ ಹೆಸರು ಹಾಕಲ್ಲ.”

“ಪ್ರಶಸ್ತಿ ಯಾರಿಗೆ ಬಂತು?”

“ಸಂಪಾದಕರಿಗೆ.”

ಅವನು ಪ್ರತಿಷ್ಠಾನದವರು ಹಂಚಿದ ಸ್ಮರಣ ಸಂಚಿಕೆ ತೆಗೆದ. ಅದರಲ್ಲಿ ಷಣ್ಮುಖಪ್ಪನವರ ಘೋಷಣೆ ಅಚ್ಚಾಗಿತ್ತು. “ಸ್ಥಳಕ್ಕೆ ಹೋಗಿ ಖಚಿತಪಡಿಸಿಕೊಂಡಿದ್ದೇನೆ. ರುಜು, ಷಣ್ಮುಖಪ್ಪ. ಇದಕ್ಕೇನಂತೀರಿ?”

“ಅದನ್ನೂ ನಾನೇ ಟೈಪು ಮಾಡಿದ್ದು.”

ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಓಹೋ. ಸೋಮವಾರ ಕೆಲಸ ಬಿಟ್ರಂತೆ ನೀವು. ಮಾಲೀಕರ ಮೇಲೆ ಕೋಪ ಇದೆ ಅನ್ನಿ. ಇರ್ಲಿ, ನಿಮ್ಮ ಮಾತನ್ನೇ ನಂಬೋಣ. ಅವತ್ತು ಬರೆದಿದ್ದು ಸುಳ್ಳು, ಇವತ್ತು ಹೇಳ್ತಿರೋದು ನಿಜ. ಹಾಗಾದ್ರೆ ಅವತ್ತು ಎರಡೂ ಇಪ್ಪತ್ತಕ್ಕೆ ಪರಶುರಾಮ ಎಲ್ಲಿದ್ದ? ಏನು ಮಾಡ್ತಿದ್ದ?”

ಜಗದಾಂಬಾ ಬಾಯಿ ತೆರೆದಳು. ಕೆಲಸ ಮಾಡುತ್ತಿದ್ದ ಎನ್ನಲು ನಾಲಿಗೆ ತುದಿಗೆ ಬಂತು. ಆದರೆ ಅದೂ ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಿದ್ದಕ್ಕೇ ಇಲ್ಲಿ ನಿಂತಿದ್ದಳು.

“ಗೊತ್ತಿಲ್ಲ,” ಎಂದಳು.

“ಯಾರನ್ನಾದ್ರೂ ಕೇಳಿದ್ರಾ? ಅವತ್ತಿಂದ ಇವತ್ತಿನವರೆಗೆ, ಒಬ್ಬರನ್ನಾದ್ರೂ?”

“ಇಲ್ಲ.”

“ಅಂದ್ರೆ ಅವನು ಗೇಟಿಗೆ ಬಂದು ತಿರುಗಿ ಹೋಗಿದ್ರೂ ಹೋಗಿರಬಹುದು. ನಿಮ್ಮ ಕಲ್ಪನೆ ನಿಜಾನೇ ಆಗಿರಬಹುದು. ಅಲ್ವೇ?”

“ಆಗಿರಬಹುದು,” ಎಂದಳು.

“ಹಾಗಾದ್ರೆ ಹೂವಮ್ಮ ಪ್ರಮಾಣ ಮಾಡಿ ಹೇಳಿದ ಮಾತೇ ಉಳೀತು,” ಎಂದು ವಕೀಲ ಕೂತುಬಿಟ್ಟ. ಸುಷ್ಮಾ ಕಾಗದಗಳನ್ನು ಜೋಡಿಸುತ್ತ ತಲೆಯೆತ್ತಲಿಲ್ಲ. ತೀರ್ಪು ಮುಂದಿನ ತಿಂಗಳು ಎಂದರು. ಆದರೆ ಅದು ಏನಾಗುತ್ತದೆ ಎಂದು ಅಲ್ಲಿದ್ದ ಜವಾನನಿಗೂ ಗೊತ್ತಾಗಿತ್ತು.

ಹೊರಗೆ ಕೋರ್ಟಿನ ಆವರಣದಲ್ಲಿ ಬೇವಿನ ಮರದ ಬುಡದ ಕಟ್ಟೆಯ ಹತ್ತಿರ ಹೂವಮ್ಮ ನಿಂತಿದ್ದಳು. ಪಕ್ಕದಲ್ಲಿ ಪೂಜಿತಾ. ಹುಡುಗಿ ಜಗದಾಂಬಾಳನ್ನು ಕಂಡದ್ದೇ ಮುಖ ತಿರುಗಿಸಿಕೊಂಡು ರಸ್ತೆಯ ಕಡೆ ನಡೆದಳು. ಬೈಗುಳಕ್ಕೆ ತಯಾರಾಗಿ ಜಗದಾಂಬಾ ಹತ್ತಿರ ಹೋದಳು. ಬೈದರೆ ಸಾಕು, ಕಾಲಲ್ಲಿದ್ದದ್ದು ತೆಗೆದು ಹೊಡೆದರೂ ಸಾಕು ಅನಿಸಿತ್ತು ಅವಳಿಗೆ.

ಹೂವಮ್ಮ ಬೈಯಲಿಲ್ಲ. “ಹಂಗಾರೆ ಅವ್ರು ಹೆಂಗೆ ಹೋದ್ರು ಮೇಡಂ?” ಎಂದು ಕೇಳಿದಳು.

“ನಂಗೆ ಗೊತ್ತಿಲ್ಲ ಹೂವಮ್ಮ. ತಪ್ಪಾಯ್ತು. ನನ್ನಿಂದ ದೊಡ್ಡ ತಪ್ಪಾಯ್ತು.”

“ಕೇಸು ಹೋಯ್ತು ಅಂದ್ರು ಸುಷ್ಮಾ ಮೇಡಂ. ಹೋಗ್ಲಿ, ಎಲ್ಲೋ ಪಾತ್ರೆ ತಿಕ್ಕಿ ಮಗಳನ್ನ ಓದಿಸ್ತೀನಿ. ಅದಲ್ಲ ನಾನು ಕೇಳಿದ್ದು.” ಅವಳು ಕಟ್ಟೆಯ ಮೇಲೆ ಕೈಯೂರಿದಳು. ಮಾತು ಎಲ್ಲೋ ಒಳಗಿನಿಂದ ಒಂದೊಂದಾಗಿ ಬರುತ್ತಿತ್ತು. “ಹನ್ನೊಂದನೇ ದಿನ ತಿಥಿಗೆ ಚಂದ್ರು ಬಂದಿದ್ದ. ಒಳಗೆ ಬಾ ಅಂದ್ರೂ ಬರ್ಲಿಲ್ಲ, ಹೊಸಲಾಚೆನೇ ಕೂತ. ‘ಅಕ್ಕಾ, ಅಣ್ಣ ಹೆಂಗೆ ಹೋದ ಅಂತ ನಿಮಗೆ ಹೇಳ್ಬೇಕು. ಹೇಳ್ದಿದ್ರೆ ನಂಗೆ ನಿದ್ದೆ ಹತ್ತಲ್ಲ’ ಅಂದ.”

“ಏನು ಹೇಳಿದ?” ಎಂದಳು ಜಗದಾಂಬಾ.

“ನಂಗೆ ಗೊತ್ತು ಕಣಪ್ಪಾ ಅಂದೆ. ನಿನ್ನ ಉಳಿಸೋಕೆ ಹೋದ್ರು, ನಂಗೇನೂ ಬೇಜಾರಿಲ್ಲ, ನೀನಾದ್ರೂ ಚೆನ್ನಾಗಿರು ಅಂದೆ. ಪೇಪರಲ್ಲಿ ಬಂದಿದೆ ನೋಡು ಅಂತ ಪೂಜಿತಾ ಕೈಲಿ ಪೂರ್ತಿ ಓದಿಸ್ದೆ. ಅವನು ಕೇಳ್ತಾ ಕೇಳ್ತಾ ನನ್ನ ಮುಖಾನೇ ನೋಡ್ತಿದ್ದ. ಎರಡು ಸಲ ಏನೋ ಹೇಳೋಕೆ ಬಾಯಿ ತೆಗೆದ. ನಾನೇ ತಡೆದೆ, ಪೂರ್ತಿ ಕೇಳು ಅಂದೆ. ಓದಿ ಮುಗಿದ್ಮೇಲೆ ಅವನು ಏನೂ ಅನ್ಲಿಲ್ಲ. ಎಲೆ ಹಾಕಿದ್ದೆ, ಊಟಕ್ಕೂ ಕೂರ್ಲಿಲ್ಲ. ಎದ್ದು ಹೋದ. ಆಮೇಲೆ ನಮ್ಮನೆ ಕಡೆ ತಲೇನೇ ಹಾಕ್ಲಿಲ್ಲ.”

ಕೋರ್ಟಿನೊಳಗೆ ಬೇರೆ ಯಾರದ್ದೋ ಕೇಸು ಕೂಗಿದರು. ಕಪ್ಪು ಕೋಟಿನವರು ಇಬ್ಬರು ಅವಸರದಲ್ಲಿ ಮೆಟ್ಟಿಲು ಹತ್ತಿದರು.

“ಏನು ಹೇಳೋಕೆ ಬಂದಿದ್ದ ಮೇಡಂ ಅವನು?” ಎಂದಳು ಹೂವಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಓದು ಬಲ್ಲವರನ್ನು, ತಿಳಿದವರನ್ನು ಕೇಳುವಂತೆ ಕೇಳಿದಳು. ಕೇಳಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತ ನಿಂತಳು.